ಬಾವಿಗೆ ಹಾಕಿದ ರಾಕರ್‌ಗಳು

ಆಗ ನನಗೆ ಅರವತ್ತೇಳು ವರ್ಷ. ಮೂರು ವರ್ಷದ ಹಿಂದಿನ ಮಾತು. ಹೊಸೂರು ದಾಟಿ ಉದ್ದನಪಲ್ಲಿ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ರೇಸ್ ಕಾರಿನ ಎಂಜಿನ್ ಕಟ್ಟುತ್ತಿದ್ದರು, ಈಗಲೂ ಕಟ್ಟುತ್ತಾರೆ. ಅಲ್ಲಿ ಏಳೆಂಟು ಜನಕ್ಕೆ ಮಧ್ಯಾಹ್ನದ ಅಡುಗೆ ಮಾಡುವುದು, ಟೀ ಕಾಯಿಸುವುದು, ಕಸ ಗುಡಿಸುವುದು ನನ್ನ ಕೆಲಸ. ಎಂಜಿನ್ನಿನ ಕೆಲಸದಲ್ಲಿ ಎಲ್ಲರಿಗೂ ಮೇಲಿನವಳು ನನ್ನ ಮಗಳು. ನಾನು ಮೂರನೇ ಕ್ಲಾಸು, ಅವಳು ಡಿಪ್ಲೊಮಾ. ಕೆಲಸ ಅವಳಿಂದ ನನಗೆ ಸಿಕ್ಕಿತು, ನನ್ನಿಂದ ಅವಳಿಗಲ್ಲ. ಅವಳಿಗೆ ಮದುವೆ ಆಗಿಲ್ಲ. ಅದು ಬೇರೆ ಮಾತು, ಇಲ್ಲಿ ಬೇಡ.

ನಾವು ಮಾಲೂರು ಕಡೆಯವರು. ಗಂಡನಿಗೆ ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿ ಬಂದೆವು. ಅವನು ಹೋದ, ನಾವು ಉಳಿದೆವು. ಬಂದಾಗಿನಿಂದ ಬಾಡಿಗೆ ಮನೆ. ಬಾಡಿಗೆ ಮನೆಯ ಮಾತು ಯಾಕೆ ಎತ್ತಿದೆ ಅಂದರೆ, ಈ ರೇಸ್ ಎಂಜಿನ್ನಿನ ಕಟ್ಟಳೆ ನನಗೆ ಅರ್ಥವಾಗಿದ್ದು ಅದರಿಂದಲೇ.

ಕಟ್ಟಳೆ ಹೀಗಿದೆ. ಮೂರು ಸೀಸನ್‌ಗೆ ಒಂದೇ ನಮೂನೆಯ ಎಂಜಿನ್. ಮೊದಲನೇ ಸೀಸನ್ ಶುರುವಾಗುವ ಮುಂಚೆ ಪ್ರತಿ ಶೆಡ್ಡಿನವರೂ ತಮ್ಮ ಎಂಜಿನ್ ಒಂದನ್ನು ಚೆನ್ನೈಗೆ ಒಯ್ದು ಒಪ್ಪಿಸಬೇಕು. ರೇಸ್ ಸಂಘದವರು ಅದನ್ನು ಬಿಚ್ಚಿ, ಅಳೆದು, ತೂಗಿ, ಮತ್ತೆ ಕಟ್ಟಿಸಿ, ಮುದ್ರೆ ಹಾಕಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಆ ಶೆಡ್ಡಿನಿಂದ ರೇಸಿಗೆ ಹೋಗುವ ಎಂಜಿನ್ನೆಲ್ಲ ಅದರ ಜೊತೆ ಹುಟ್ಟಿದ ಹಾಗಿರಬೇಕು. ಇದಕ್ಕೆ ಫ್ರೀಜ್ ಅನ್ನುತ್ತಾರೆ. ಇದ್ದವರು ವರ್ಷ ವರ್ಷ ಹೊಸ ಎಂಜಿನ್ ಮಾಡಿ ಇಲ್ಲದವರನ್ನು ಮುಗಿಸಿಬಿಡಬಾರದು ಅಂತ ಮಾಡಿದ್ದು.

ಆದರೆ ಮುರಿಯುವುದನ್ನು ಯಾರೂ ತಡೆಯುವುದಕ್ಕೆ ಆಗುವುದಿಲ್ಲವಲ್ಲ. ಆದ್ದರಿಂದ ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಅರ್ಜಿ ಹಾಕಿಕೊಳ್ಳಬಹುದು. ಇಂಥ ಭಾಗ ಮುರಿಯುತ್ತಿದೆ, ಗಟ್ಟಿ ಮಾಡಿಕೊಳ್ಳುತ್ತೇವೆ ಅಂತ. ಗಟ್ಟಿ ಮಾಡಿಕೊಳ್ಳಬಹುದು, ವೇಗ ಹೆಚ್ಚಿಸಿಕೊಳ್ಳಬಾರದು. ಬಾಡಿಗೆ ಮನೆಯಲ್ಲೂ ಅಷ್ಟೇ. ಬಾಗಿಲು ಮುರಿದರೆ ರಿಪೇರಿ ಮಾಡಿಸಿಕೋ, ಇನ್ನೊಂದು ಬಾಗಿಲು ಇಡಬೇಡ ಅನ್ನುತ್ತಾನೆ ಓನರು. ನಾವು ರಿಪೇರಿ ಅಂತ ಹೇಳಿ ಬಾಗಿಲನ್ನು ಒಂದು ಗೇಣು ಅಗಲ ಮಾಡಿಸಿಕೊಳ್ಳುತ್ತೇವೆ.

ರೇಸಿನವರೂ ಮಾಡುವುದು ಅದನ್ನೇ. ಕೊಯಮತ್ತೂರಿನ ಒಂದು ಶೆಡ್ಡಿನವರು ಪಿಸ್ಟನ್ ಒಡೆಯುತ್ತಿದೆ ಅಂತ ಅರ್ಜಿ ಹಾಕಿದರು. ಹೊಸ ಪಿಸ್ಟನ್ ಬಂತು. ಒಡೆಯುವುದು ನಿಂತಿತು, ಜೊತೆಗೆ ಕಾರು ಮುಂಚಿಗಿಂತ ಜೋರಾಗಿ ಓಡಿತು. ಇನ್ನೊಬ್ಬರು ನಮ್ಮ ಬೇರಿಂಗ್ ಮಾಡುವ ಕಂಪನಿ ಮುಚ್ಚಿಹೋಯಿತು, ಬೇರೆ ಹಾಕಬೇಕು ಅಂದರು. ಬೇರೆಯದು ಹಳೆಯದಕ್ಕಿಂತ ನುಣ್ಣಗೆ ತಿರುಗುವಂಥದ್ದು. ಹೀಗೆ ಬದಲಾಗಬಾರದು ಅಂತ ಮುದ್ರೆ ಹಾಕಿದ ಎಂಜಿನ್ನು ಒಳಗೊಳಗೇ ಬದಲಾಗುತ್ತದೆ. ಮಗಳು ಊಟಕ್ಕೆ ಕೂತಾಗ ಹಲ್ಲು ಕಡಿಯುತ್ತಿದ್ದಳು.

"ನೆಟ್ಟಗೆ ಕಟ್ಟಿದೋರ್ಗೆ ಏನೂ ಇಲ್ಲ ಕಣಮ್ಮ. ಮುರ್ಕೊಂಡೋರ್ಗೇ ಎಲ್ಲ."

"ಹಂಗಾರೆ ನೀನೂ ಮುರ್ಕೊ," ಅಂದೆ.

"ನಮ್ದೂ ಮುರೀತೈತೆ. ರಾಕರ್ ಮುರೀತೈತೆ."

ರಾಕರ್ ಅಂದರೆ ಬೆರಳುದ್ದದ ಉಕ್ಕಿನ ತುಂಡು. ಬಾವಿಯ ಏತದ ಹಾಗೆ, ಒಂದು ತುದಿ ಎದ್ದರೆ ಇನ್ನೊಂದು ತುದಿ ಇಳಿಯುತ್ತದೆ. ಎಂಜಿನ್ನು ಉಸಿರಾಡುವ ಕಿಂಡಿಯನ್ನು ತೆರೆಯುವುದು ಅದರ ಕೆಲಸ. ನಮ್ಮ ಎಂಜಿನ್ನಿನಲ್ಲಿ ಅದು ಕತ್ತಿನ ಹತ್ತಿರ ಮುರಿಯುತ್ತಿತ್ತು. ಹಾಗಂತ ಪ್ರತಿ ರೇಸಿನಲ್ಲೂ ಅಲ್ಲ. ಮಗಳು ಬಿರುಕು ಕಂಡರೆ ಮುಂಚೆಯೇ ತೆಗೆದುಬಿಡುತ್ತಿದ್ದಳು. ಆದರೂ ಆ ವರ್ಷ ಎರಡು ಸಲ ಓಡುವಾಗಲೇ ಮುರಿಯಿತು. ಮುಂದಿದ್ದ ಕಾರು ಹಿಂದೆ ಬಿತ್ತು.

ಮಗಳು ಹೊಸ ರಾಕರ್‌ನ ನಕ್ಷೆ ಬರೆದಿದ್ದಳು. ಕತ್ತು ದಪ್ಪ, ಬಾಲ ಹಗುರ. ಕತ್ತು ದಪ್ಪವಾದರೆ ಮುರಿಯುವುದಿಲ್ಲ. ಬಾಲ ಹಗುರವಾದರೆ ಎಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ. ಅಂದರೆ ಅವಳೂ ಬಾಗಿಲು ಅಗಲ ಮಾಡಿಸಿಕೊಳ್ಳುವವಳೇ. ನನ್ನ ಮಗಳು ಅಂತ ಬೇರೆ ಹೇಳುವುದಿಲ್ಲ.

ಅವಳಿಗೆ ಅದಕ್ಕೆ ಒಪ್ಪಿಗೆ ಸಿಗಲೇಬೇಕಾಗಿತ್ತು. ಶೆಡ್ಡಿನ ಯಜಮಾನರು ಹೊಸೂರಿನಲ್ಲೇ ಹುಟ್ಟಿ ಬೆಳೆದವರು, ನನಗಿಂತ ಒಂದೆರಡು ವರ್ಷ ಚಿಕ್ಕವರು. ಎರಡನೇ ಸೀಸನ್‌ನ ಕೊನೇ ರೇಸು ಸೋತು ಬಂದ ದಿನ ಟೀ ಲೋಟ ಕೆಳಗಿಟ್ಟು ಎಲ್ಲರ ಮುಂದೆ ಹೇಳಿದ್ದರು. "ನೋಡಮ್ಮ, ಈ ಸಲ ರಾಕರ್ ಬದಲಾಯಿಸೋಕೆ ಒಪ್ಪಿಗೆ ಸಿಗ್ಲಿಲ್ಲ ಅಂದ್ರೆ, ಮುಂದಿನ ಸೀಸನ್‌ಗೆ ಹೊರಗಿನ ರೆಡಿ ಎಂಜಿನ್ ತರಿಸ್ತೀನಿ. ಆ ಕೊಯಮತ್ತೂರಿನೋರೇ ಕೊಡ್ತಾರಂತೆ." ರೆಡಿ ಎಂಜಿನ್ ಬಂದರೆ ಅದನ್ನು ಬಿಚ್ಚುವ ಹಾಗಿಲ್ಲ. ಮಗಳು ಆಯಿಲ್ ಬದಲಾಯಿಸಿಕೊಂಡು, ಪ್ಲಗ್ ಒರೆಸಿಕೊಂಡು ಇರಬೇಕು. ಹತ್ತು ವರ್ಷ ಎಂಜಿನ್ ಕಟ್ಟಿದವಳಿಗೆ ಅದು ಕೆಲಸವಲ್ಲ. ಅವಳು ಬಿಟ್ಟು ಹೋಗುತ್ತಾಳೆ ಅಂತ ನನಗೆ ಗೊತ್ತಿತ್ತು. ಯಜಮಾನರಿಗೆ ಗೊತ್ತಿರಲಿಲ್ಲ.

ಈಗ ಶೆಡ್ಡಿನ ಒಂದು ವಾಡಿಕೆ ಹೇಳಬೇಕು. ಯಜಮಾನರ ಅಪ್ಪ ಲಾರಿ ರಿಪೇರಿ ಮಾಡುತ್ತಿದ್ದವರು. ಅವರ ಕಾಲದಿಂದ ಬಂದದ್ದು. ಆಯುಧಪೂಜೆಗೆ ಎಲ್ಲವನ್ನೂ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆಯುವುದು ಎಲ್ಲ ಕಡೆಯೂ ಇದೆ. ನಮ್ಮ ಶೆಡ್ಡಿನಲ್ಲಿ ಅದರ ಹಿಂದಿನ ದಿನ ಇನ್ನೊಂದು ಕೆಲಸ. ಆ ವರ್ಷ ಮುರಿದದ್ದು, ಒಡೆದದ್ದು, ಬಿರುಕು ಬಿಟ್ಟದ್ದು ಏನಿದ್ದರೂ ಹುಡುಕಿ ತೆಗೆದು ಮಂಕರಿಗೆ ಹಾಕಬೇಕು. ಭಿನ್ನ ಆದದ್ದು ಪೂಜೆಯ ಮನೆಯಲ್ಲಿ ಇರಬಾರದು. ಗುಜರಿಗೆ ಮಾರುವುದೂ ಇಲ್ಲ, ದುಡಿದು ಮುರಿದದ್ದಲ್ಲವಾ. ಯಜಮಾನರೇ ಮಂಕರಿ ಹೊತ್ತು ಹಿಂದಿನ ತೋಟದ ಹಳೇ ಬಾವಿಗೆ ಹೋಗಿ, ಕರ್ಪೂರ ಹಚ್ಚಿ, ಒಂದೊಂದೇ ಬಿಡುತ್ತಾರೆ. ಮಗಳೂ ಎಷ್ಟೋ ವರ್ಷ ಅವರ ಜೊತೆ ಹೋಗಿ ಬಿಟ್ಟವಳೇ.

ಆ ವರ್ಷ ಅವಳು ಇರಲಿಲ್ಲ. ಹೊಸ ರಾಕರ್ ಒಂದೆರಡು ಮಾಡಿಸಿ ನೋಡಲು ಕೊಯಮತ್ತೂರಿಗೆ ಹೋಗಿದ್ದಳು. ಅವಳ ಮೇಜಿನ ಮೇಲೆ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡು ಮುರುಕು ರಾಕರ್ ಮಂಕರಿಗೆ ಹೋದವು. ಅಲ್ಲಿಂದ ಬಾವಿಗೆ. ಬಂದ ಮೇಲೆ ಅವಳೂ ಏನೂ ಅನ್ನಲಿಲ್ಲ. ಅಲ್ಲಿಯವರೆಗೆ ಅರ್ಜಿಯ ಜೊತೆ ಫೋಟೋ ಕಳಿಸಿದರೆ ಸಾಕಿತ್ತು. ಫೋಟೋ ಅವಳ ಫೋನಿನಲ್ಲಿತ್ತು.

ದೀಪಾವಳಿ ಕಳೆದ ಮೇಲೆ ಚೆನ್ನೈಯಿಂದ ಫೋನು ಬಂತು. ಎಲ್ಲರೂ ಮುರಿಯಿತು ಮುರಿಯಿತು ಅಂತ ಸುಳ್ಳು ಫೋಟೋ ಕಳಿಸಿ ಕಳಿಸಿ ಸಂಘದವರಿಗೆ ಸಾಕಾಗಿತ್ತಂತೆ. ಈ ಸಲ ತಪಾಸಣೆಯವರೇ ಶೆಡ್ಡಿಗೆ ಬರುತ್ತಾರೆ, ಮುರಿದ ಭಾಗವನ್ನು ಕೈಗೆ ಕೊಡಬೇಕು, ಮುರಿದ ಮುಖವನ್ನು, ಅಂದರೆ ತುಂಡಾದ ಜಾಗವನ್ನು, ಮಸೂರದಲ್ಲಿ ನೋಡುತ್ತಾರೆ, ಅದಿಲ್ಲದಿದ್ದರೆ ಅರ್ಜಿ ಇಲ್ಲ. ವಾರದೊಳಗೆ ಬರುತ್ತೇವೆ ಅಂದರು.

ಮಗಳು ಫೋನಿಟ್ಟು ಯಜಮಾನರ ಕಡೆ ನೋಡಿದಳು. "ಸಾರ್, ಬಾವಿ."

ಯಜಮಾನರು ತಲೆ ಕೆರೆದುಕೊಂಡರು. "ಬಿಟ್ಟಿದ್ದನ್ನ ವಾಪಸ್ ಎತ್ತೋದಾ? ಯಾರೂ ಮಾಡಲ್ಲಮ್ಮ ಅದನ್ನ." ಆಮೇಲೆ, "ಹಳೇ ರಾಕರ್ ಸ್ಟಾಕಿನಲ್ಲಿ ಇದ್ಯಲ್ಲ. ಒಂದನ್ನ ವೈಸ್‌ಗೆ ಕಚ್ಚಿಸಿ ಸುತ್ತಿಗೇಲಿ ಒಂದು ಕೊಟ್ರೆ ಆಯ್ತು" ಅಂದರು.

"ಬಡಿದು ಮುರಿದಿದ್ದೇ ಬೇರೆ, ಸವೆದು ಸವೆದು ಮುರಿದಿದ್ದೇ ಬೇರೆ ಸಾರ್. ಅವ್ರು ನೋಡಿದ ತಕ್ಷಣ ಹೇಳ್ತಾರೆ. ಸಿಕ್ಕಾಕ್ಕೊಂಡ್ರೆ ಮೂರನೇ ಸೀಸನ್ನೇ ಇರಲ್ಲ ನಮ್ಗೆ."

"ಅಕ್ಕಯ್ಯ, ನೀವೇನಂತೀರಿ?" ಅಂತ ನನ್ನ ಕಡೆ ತಿರುಗಿದರು. ಭಿನ್ನದ ವಿಷಯ ಅಲ್ಲವಾ, ವಯಸ್ಸಾದವಳು ಬೇಡ ಅಂದರೆ ತಪ್ಪಿಸಿಕೊಳ್ಳಬಹುದು ಅಂತ.

"ದೇವ್ರೇನು ಬಾವೀಲಿ ಕುಂತು ನಿಮ್ಮ ರಾಕರ್ ಎಣಿಸ್ತಾ ಇರ್ತಾನಾ? ಎತ್ತಿ," ಅಂದೆ. ಅನ್ನ ಸೀಯುತ್ತಿತ್ತು, ಒಳಗೆ ಹೋದೆ.

ಮಾರನೇ ದಿನ ಬಾವಿಯ ಹತ್ತಿರ ಹೋದೆವು. ಯಜಮಾನರು, ಮಗಳು, ಫಿಟ್ಟರ್‌ಗಳಲ್ಲಿ ಒಬ್ಬ, ನಾನು. ನಾನು ಹೋಗಿದ್ದು ಅಯಸ್ಕಾಂತಕ್ಕಾಗಿ. ನೆಲದ ಮೇಲಿನ ಕಬ್ಬಿಣದ ಚೂರು ಎತ್ತಲು ನನ್ನ ಹತ್ತಿರ ಒಂದು ದಪ್ಪ ಅಯಸ್ಕಾಂತ ಇತ್ತು. ಅದನ್ನು ಯಾರ ಕೈಗೆ ಕೊಟ್ಟರೂ ವಾಪಸ್ ಬರುತ್ತಿರಲಿಲ್ಲ, ಆದ್ದರಿಂದ ನಾನೇ ಅದರ ಜೊತೆ ಹೋಗುತ್ತಿದ್ದೆ. ಮಳೆ ಬಿದ್ದು ಬಾವಿ ಅರ್ಧಕ್ಕೆ ತುಂಬಿತ್ತು. ಅಯಸ್ಕಾಂತಕ್ಕೆ ಹಗ್ಗ ಕಟ್ಟುತ್ತಿರುವಾಗ ತೋಟದವನು ಬಂದ. ಕೊತ್ತಂಬರಿ, ಕೋಸು ಬೆಳೆಯುವವನು, ತೆಲುಗಿನವನು.

"ಏಮಿ ಸಾರ್ ಇದಿ?" ಅಂದ, ಏನಿದು ಅಂತ.

ಯಜಮಾನರು ವಿಷಯ ಹೇಳಿದರು. ಅವನು ಬಾವಿಯೊಳಗೆ ಬಗ್ಗಿ ನೋಡಿದ, ನಮ್ಮನ್ನು ನೋಡಿದ. ವರ್ಷಕ್ಕೊಂದು ಸಲ ಬಂದು ಕರ್ಪೂರ ಹಚ್ಚುತ್ತಿದ್ದುದನ್ನು ಅವನು ಗಂಗಮ್ಮನ ಪೂಜೆ ಅಂದುಕೊಂಡಿದ್ದನಂತೆ. ತನ್ನ ಬಾವಿಗೆ ದೊಡ್ಡ ಮರ್ಯಾದೆ ಅಂತ ಸುಮ್ಮನಿದ್ದನಂತೆ.

"ಇನ್ನೇಳ್ಳುಗಾ ಇನುಮು ವೇಸ್ತಾ ಉನ್ನಾರಾ? ನಾ ಬಾವಿ ಗುಜರೀ ಅಂಗಡಾ?" ಅಂತ ಕೂಗಿದ. ಇಷ್ಟು ವರ್ಷ ಕಬ್ಬಿಣ ಹಾಕುತ್ತಾ ಬಂದಿರಾ, ನನ್ನ ಬಾವಿ ಏನು ಗುಜರಿ ಅಂಗಡಿಯಾ ಅಂತ. ಮೋಟರಿನ ಪೈಪಿಗೆ ಸಿಕ್ಕಿಕೊಂಡಿದ್ದ ಒಂದು ಕಬ್ಬಿಣದ ಚೂರನ್ನು ಹೋದ ಬೇಸಿಗೆಯಲ್ಲಿ ತೆಗೆದಿದ್ದನಂತೆ, ಅದು ಎಲ್ಲಿಂದ ಬಂತು ಅಂತ ಈಗ ತಿಳಿಯಿತಂತೆ.

"ಎರಡೇ ಎರಡು ಪೀಸ್ ಅಣ್ಣ, ತೆಗೆದುಕೊಂಡು ಹೋಗ್ತೀವಿ," ಅಂದಳು ಮಗಳು.

"ತೀಸ್ತೇ ಅನ್ನೀ ತೀಯಾಲ. ಲೇದಂಟೇ ಒಕ್ಕಟೀ ವದ್ದು." ತೆಗೆದರೆ ಎಲ್ಲಾ ತೆಗೆಯಬೇಕು, ಇಲ್ಲದಿದ್ದರೆ ಒಂದೂ ಬೇಡ. ಹಗ್ಗದ ಮೇಲೆ ಕಾಲಿಟ್ಟು ನಿಂತುಬಿಟ್ಟ. ನ್ಯಾಯವೇ. ನಾನಾಗಿದ್ದರೆ ಒದ್ದು ಓಡಿಸುತ್ತಿದ್ದೆ.

ಬೇರೆ ದಾರಿ ಇರಲಿಲ್ಲ. ಆವತ್ತು, ಅದರ ಮಾರನೇ ದಿನ, ಇಬ್ಬಿಬ್ಬರಂತೆ ಹಗ್ಗ ಬಿಡುವುದು, ಎಳೆಯುವುದು. ಕೆಸರು ಕಚ್ಚಿಕೊಂಡು ಬರುತ್ತಿತ್ತು, ಅದರೊಳಗೆ ಕೈ ಹಾಕಿ ಹುಡುಕಬೇಕು. ಗೇರಿನ ಹಲ್ಲು, ಬೋಲ್ಟು, ಬಾಗಿದ ಕನೆಕ್ಟಿಂಗ್ ರಾಡು, ಒಂದು ಸ್ಪ್ಯಾನರ್. ಸ್ಪ್ಯಾನರ್ ಕಂಡ ಕೂಡಲೇ ಫಿಟ್ಟರು, "ಸಾರ್, ಇದು ಮುರಿದಿಲ್ಲ, ನಂದು. ನಾಲ್ಕು ವರ್ಷದಿಂದ ಹುಡುಕ್ತಿದ್ದೆ, ಕದ್ದೆ ಅಂತ ನನ್ನನ್ನೇ ಬೈದ್ರಿ," ಅಂದ. ಯಜಮಾನರು ಕೇಳಿಸದ ಹಾಗೆ ಹಗ್ಗ ಎಳೆದರು. ಅಲ್ಯೂಮಿನಿಯಂ ಸಾಮಾನು ಅಯಸ್ಕಾಂತಕ್ಕೆ ಬರುವುದಿಲ್ಲ. ಅದನ್ನು ತೋಟದವನಿಗೆ ನಾವು ಹೇಳಲಿಲ್ಲ.

ಆ ವರ್ಷದ ಎರಡು ರಾಕರೂ ಸಿಕ್ಕವು. ಬಾಲದ ಮೇಲೆ ಸಂಘದವರು ಕೊರೆಸಿದ್ದ ನಂಬರು ನೋಡಿ ಮಗಳು ಗುರುತು ಹಿಡಿದಳು. ಆಮೇಲೆ ಮುರಿದ ಮುಖ ತಿರುಗಿಸಿ ನೋಡಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಒಂದು ತಿಂಗಳು ಕೆಸರಿನಲ್ಲಿದ್ದು ತುಕ್ಕು ತಿಂದಿತ್ತು. ಸವೆದು ಮುರಿದ ಗುರುತು ಯಾವುದೂ ಉಳಿದಿರಲಿಲ್ಲ. ಬೆಲ್ಲದ ಚೂರಿನ ಹಾಗೆ ಕಾಣುತ್ತಿತ್ತು.

"ಏನಮ್ಮಿ, ಆಗಲ್ವಾ?" ಅಂದೆ.

"ಸುಮ್ಕಿರಮ್ಮ," ಅಂದಳು. ಅಯಸ್ಕಾಂತದ ಕೆಸರು ಒರೆಸಿಕೊಂಡೆ.

ತಪಾಸಣೆಯವರು ಹೇಳಿದ ದಿನ ಬಂದರು. ಒಬ್ಬರೇ, ಐವತ್ತು ದಾಟಿದವರು, ಕನ್ನಡಕಕ್ಕೆ ದಾರ. ಮಾತು ತಮಿಳು, ನಮ್ಮ ಜೊತೆ ತಮಿಳು ಬೆರೆತ ಕನ್ನಡ. ಮಗಳು ಎರಡು ತುಂಡು ಕೊಟ್ಟಳು. ಮಸೂರ ಇಟ್ಟು ನೋಡಿ ವಾಪಸ್ ಕೊಟ್ಟುಬಿಟ್ಟರು.

"ಮುಖಾನೇ ಇಲ್ಲ ಮಾ ಇದಕ್ಕೆ. ಇದರಲ್ಲಿ ನಾನು ಏನು ನೋಡೋದು? ಯಾಕೆ ಇಷ್ಟು ತುಕ್ಕು? ಎಲ್ಲಿ ಇಟ್ಟಿದ್ರಿ?"

ಯಜಮಾನರು ತಮಿಳಿನಲ್ಲಿ ವಾಡಿಕೆಯನ್ನೆಲ್ಲ ಹೇಳಿದರು. ಅಪ್ಪನ ಕಾಲ, ಮಂಕರಿ, ಕರ್ಪೂರ ಎಲ್ಲ. ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ನಮ್ಮ ಮನೇಲೂ ಒಡೆದ ಸಾಮಿ ಪಟ ಹೊಳೆಗೇ ಬಿಡೋದು. ಆದ್ರೆ ಅದನ್ನ ತಂದು ತೋರಿಸು ಅಂತ ಯಾರೂ ಕೇಳಲ್ಲ ನೋಡಿ. ನಾನು ಕೇಳಲೇಬೇಕು. ಇದನ್ನ ನಾನು ಒಪ್ಪೋಕೆ ಆಗಲ್ಲ."

ಬ್ಯಾಗಿನ ಜಿಪ್ಪು ಎಳೆದರು. ಮಗಳು ಮೂಲೆಗೆ ಹೋಗಿ, ಬಾವಿಯಿಂದ ಎತ್ತಿದ್ದನ್ನೆಲ್ಲ ತುಂಬಿದ್ದ ಗೋಣಿಚೀಲವನ್ನು ದರದರ ಎಳೆದು ತಂದು ಅವರ ಕಾಲ ಹತ್ತಿರ ಸುರಿದಳು. ನಾನು ಬೆಳಿಗ್ಗೆ ತಾನೇ ಒರೆಸಿದ್ದ ನೆಲ.

"ಎರಡಕ್ಕೆ ಮುಖ ಇಲ್ಲ ಅಂತ ಅಂದ್ರಲ್ಲ ಸಾರ್. ಇದರಲ್ಲಿ ಈ ಫ್ರೀಜ್ ಆದ ಮೇಲಿನ ರಾಕರ್ ಎಷ್ಟಿದೆಯೋ ಎಲ್ಲ ಇದೆ. ಬಿರುಕು ಬಿಟ್ಟು ನಾನು ಮುಂಚೇನೇ ತೆಗೆದಿದ್ದೂ ಇದೆ. ಎರಡು ಸೀಸನ್ನಿಂದು. ನಂಬರು ನೀವು ಹಾಕಿಸಿದ್ದೇ. ಎಲ್ಲಿ ಮುರಿದಿದೆ ಅಂತ ಮಾತ್ರ ನೋಡಿ."

ಅವರು ಎದ್ದವರು ಮತ್ತೆ ಕೂತರು. ಸ್ಟೂಲು ತರಿಸಿಕೊಂಡರು, ಸೀಮೆಎಣ್ಣೆ ಕೇಳಿದರು. ಒಂದೊಂದನ್ನೂ ತೊಳೆದು, ನಂಬರು ಓದಿ, ತಮ್ಮ ಲ್ಯಾಪ್‌ಟಾಪ್ ನೋಡಿ, ಹಳೇ ನಮೂನೆಯದನ್ನು ಒಂದು ಕಡೆ, ಈ ನಮೂನೆಯದನ್ನು ಒಂದು ಕಡೆ ಇಟ್ಟರು. ಮಧ್ಯಾಹ್ನದ ಊಟಕ್ಕೆ ಕರೆದರೆ, "ವರೇನ್ ಅಮ್ಮಾ," ಅಂದರು, ಬರುತ್ತೇನೆ ಅಂತ, ಆದರೆ ಬರಲಿಲ್ಲ. ತಟ್ಟೆ ಅಲ್ಲಿಗೇ ತೆಗೆದುಕೊಂಡು ಹೋಗಿ ಇಟ್ಟೆ. ಎಡಗೈಯಲ್ಲಿ ರಾಕರ್, ಬಲಗೈಯಲ್ಲಿ ಅನ್ನ.

ಈ ನಮೂನೆಯವು ಹತ್ತು ಹನ್ನೆರಡು ಇದ್ದವು. ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ನನ್ನ ಕಣ್ಣಿಗೂ ಕಂಡಿತು. ಒಂದೊಂದೂ ಕತ್ತಿನ ಹತ್ತಿರವೇ, ಅದೇ ಜಾಗದಲ್ಲೇ. ಬಿರುಕು ಬಿಟ್ಟವೂ ಅಲ್ಲೇ ಬಿಟ್ಟಿದ್ದವು. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಸರಿ," ಅಂದರು. "ಇದು ಒಂದು ಸಲದ ಕಥೆ ಅಲ್ಲ. ಕತ್ತು ದಪ್ಪ ಮಾಡ್ಕೊಳ್ಳಿ. ಬಾಲ ಮುಟ್ಟಬಾರದು."

ಮಗಳು ಬಿಡಲಿಲ್ಲ. "ಬಾಲ ಹಗುರ ಆಗ್ದಿದ್ರೆ ಕತ್ತಿನ ಮೇಲಿನ ಭಾರ ಹಂಗೇ ಇರುತ್ತೆ ಸಾರ್. ಎರಡೂ ಸೇರಿ ಒಂದೇ ಬದಲಾವಣೆ."

"ಅಲ್ಲ ಮಾ. ಕತ್ತು, ಮುರೀಬಾರ್ದು ಅಂತ. ಬಾಲ, ಗೆಲ್ಲಬೇಕು ಅಂತ. ಹೊಸ ರಾಕರ್ ಹಳೇದಕ್ಕಿಂತ ಒಂದು ಚೂರೂ ಹಗುರ ಇರಬಾರದು. ಬಂದು ತೂಗ್ತೀನಿ."

"ಕೊಯಮತ್ತೂರಿನೋರಿಗೆ ಪಿಸ್ಟನ್ ಕೊಟ್ರಲ್ಲ ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೊಟ್ವಿ. ಅದಕ್ಕೇ ಈಗ ಮನೆ ಮನೆಗೆ ಬಂದು ನೋಡ್ತಿರೋದು."

ಅವರ ಕಾರು ಹೋದ ಮೇಲೆ ಯಜಮಾನರು ಮುಖ ತೊಳೆದುಕೊಂಡು ಬಂದರು. ಮಗಳು ರೆಡಿ ಎಂಜಿನ್ನಿನ ಮಾತು ಎತ್ತುತ್ತಾರೆ ಅಂತ ನಿಂತಿದ್ದಳು. ನಾನು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದೆ.

"ಅರ್ಧ ಸಿಕ್ತು," ಅಂದರು. "ಮುರೀದೆ ಕೊನೇವರೆಗೂ ಓಡುತ್ತಾ?"

"ಓಡುತ್ತೆ ಸಾರ್."

"ಹಾಗಿದ್ರೆ ನಮ್ಮದೇ ಇರ್ಲಿ. ಒಂದು ಸೀಸನ್ ನೋಡೋಣ. ಮುಂದಿದ್ದೋರು ಮುರ್ಕೊಂಡು ನಿಲ್ತಾರಲ್ಲ, ಆಗ ನಾವು ಹೋಗೋಣ."

ಅಷ್ಟಕ್ಕೆ ಮುಗಿಯಿತು. ಆದರೆ ನೆಲದ ಮೇಲೆ ಆ ರಾಶಿ ಹಾಗೇ ಬಿದ್ದಿತ್ತು. ಯಜಮಾನರು ಅದನ್ನು ದಾಟದೆ ಸುತ್ತಿಕೊಂಡು ಓಡಾಡಿದರು. ಬಾವಿಗೆ ಮತ್ತೆ ಹಾಕುವ ಹಾಗಿಲ್ಲ, ತೋಟದವನು ಕಾಯುತ್ತಿರುತ್ತಾನೆ. ಗುಜರಿಗೆ ಕೊಡುವ ಹಾಗಿಲ್ಲ. ಶೆಡ್ಡಿನೊಳಗೆ ಭಿನ್ನ ಇಟ್ಟುಕೊಳ್ಳುವ ಹಾಗೂ ಇಲ್ಲ. "ನಾಳೆ ನೋಡೋಣ ಅಕ್ಕಯ್ಯ," ಅಂತ ಹೇಳಿ ಮನೆಗೆ ಹೋದರು.

ಬಸ್ಸಿಗೆ ನಿಂತಾಗ ಮಗಳ ಮುಖ ಊದಿತ್ತು.

"ಸಿಕ್ತಲ್ಲ, ಇನ್ನೇನು?" ಅಂದೆ.

"ದಪ್ಪ ಕತ್ತು, ದಪ್ಪ ಬಾಲ. ಎಮ್ಮೆ ಆಯ್ತು ಅದು."

"ಎಮ್ಮೆ ಮುರಿಯಲ್ಲ."

"ಮುರಿಯಲ್ಲ. ಮುರೀದಿದ್ರೆ ಮುಂದೆ ಏನಂತ ಅರ್ಜಿ ಹಾಕ್ಲಿ?"

"ಬ್ಯಾರೆ ಏನಾರ ಮುರೀತೈತೆ ಬುಡು. ಮುರೀದೆ ಇರೋ ವಸ್ತು ಎಲ್ಲೈತೆ?"

ಅವಳು ನಕ್ಕಳು ಅಂತ ಬರೆದರೆ ಸುಳ್ಳಾಗುತ್ತದೆ. ಬಸ್ಸು ಬಂತು, ಹತ್ತಿದೆವು.

ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ಖಾಲಿಯಾಗುತ್ತಾ ಬಂದಿದ್ದ ಮಾವಿನಕಾಯಿ ಉಪ್ಪಿನಕಾಯಿ ಜಾಡಿಯನ್ನು ಬಳಿದು, ತೊಳೆದು, ಒಣಗಿಸಿ ಶೆಡ್ಡಿಗೆ ತೆಗೆದುಕೊಂಡು ಹೋದೆ. ಯಾರೂ ಬರುವ ಮುಂಚೆ ಆ ಸಾಲಿನ ರಾಕರ್‌ಗಳನ್ನೆಲ್ಲ ಅದಕ್ಕೆ ಹಾಕಿ, ತುಕ್ಕು ಹಿಡಿಯದ ಹಾಗೆ ಮುಳುಗುವಷ್ಟು ಎಂಜಿನ್ ಆಯಿಲ್ ಹುಯ್ದು, ಬಟ್ಟೆ ಕಟ್ಟಿದೆ. ಮಿಕ್ಕ ಕಬ್ಬಿಣವನ್ನೆಲ್ಲ ಗೋಣಿಚೀಲಕ್ಕೆ ತುಂಬಿದೆ. ಶೆಡ್ಡಿನೊಳಗೆ ಇಡಲಿಲ್ಲ. ಅಡುಗೆ ಮಾಡುವ ಜಾಗ ಹೊರಗೆ ಬೇರೆ ಚಪ್ಪರ, ಅಲ್ಲಿ ಆಯುಧಪೂಜೆ ಮಾಡುವುದಿಲ್ಲ. ಚೀಲ ಮೂಲೆಗೆ, ಜಾಡಿ ಉಪ್ಪಿನ ಡಬ್ಬಿಯ ಪಕ್ಕ ಇಟ್ಟು, ಇನ್ನು ಮೇಲೆ ಮುರಿದದ್ದೆಲ್ಲ ಈ ಜಾಡಿಯೊಳಕ್ಕೆ ಅಂತ ಬಂದವರಿಗೆಲ್ಲ ಹೇಳಿದೆ. ಆಮೇಲೆ ಟೀಗೆ ನೀರಿಟ್ಟೆ.